ಲಿಂಗಣ್ಣನವರ ತಪ್ಪದ ಬೆರಳು

ಚೀಲದ ಬಾಯಿ ಬಿಚ್ಚುವ ಮುನ್ನವೇ ಒಳಗಿನ ಮಾಲಿಗೆ ಬೆಲೆ ಕಟ್ಟುವುದು ನನ್ನ ಕಸುಬಿನ ಚಟ. ಕೆ.ಆರ್. ಪೇಟೆಯ ನನ್ನ ಬೂಸಾ ಹಿಂಡಿ ಅಂಗಡಿಯ ಮೆಟ್ಟಿಲನ್ನು ಲಿಂಗಣ್ಣನವರು ಮೊದಲ ಸಲ ಹತ್ತಿದಾಗ ಅದೇ ಚಟಕ್ಕೆ ಬಿದ್ದು ಅವರಿಗೂ ಒಂದು ಬೆಲೆ ಕಟ್ಟಿದೆ: ಎತ್ತರ ಭರ್ಜರಿ, ಮೈಕಟ್ಟು ಸುಮಾರು, ಮೀಸೆಗೆ ಹಚ್ಚಿದ ಬಣ್ಣ ಅಗ್ಗದ್ದು, ಕೋಟು ಒಂದು ಕಾಲದ ದುಬಾರಿ ಮಾಲು. ಹೊರಗಿನ ಚೀಲಕ್ಕೇ ಇಷ್ಟು ಖರ್ಚು ಮಾಡಿದ ಮನುಷ್ಯ ಒಳಗೆ ಬರೀ ತೌಡು ತುಂಬಿಕೊಂಡಿರಬೇಕು. ನೆಚ್ಚಿಕೊಳ್ಳುವ ಗಿರಾಕಿಯಲ್ಲ, ಆದರೆ ಕೂರಿಸಿಕೊಂಡರೆ ಸುತ್ತ ಜನ ಸೇರುತ್ತಾರೆ, ಅಂಗಡಿಗೆ ಲುಕ್ಸಾನೇನಿಲ್ಲ ಎಂದು ತೀರ್ಮಾನಿಸಿ ಬೆಂಚು ತೋರಿಸಿದೆ. ಅವರು ಕೂರಲಿಲ್ಲ. ಬೆಂಚನ್ನು ಬೀದಿಯ ಕಡೆಗೆ ತಿರುಗಿಸಿ, ಹೋಗಿ ಬರುವವರಿಗೆ ತಮ್ಮ ಮುಖದ ಬಲಭಾಗವೇ ಕಾಣುವ ಹಾಗೆ ಹೊಂದಿಸಿಕೊಂಡು, ಆಮೇಲೆ ಕೂತರು. ಎಡಗೆನ್ನೆಯ ಮೇಲೆ ಯಾವುದೋ ಹೋರಿ ಹಾಯ್ದ ಗುರುತಿತ್ತು.

ಲಿಂಗಣ್ಣನವರು ಪತ್ತೇದಾರರು. ಬೋರ್ಡಿಲ್ಲ, ಲೈಸೆನ್ಸಿಲ್ಲ, ಆದರೂ ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗೆ ಯಾರದಾದರೂ ಪಂಪ್‌ಸೆಟ್ಟಿನ ಕೇಬಲ್ಲು ಹೋದರೆ, ಕರೆಯುವ ಹಸು ಕೊಟ್ಟಿಗೆಯಿಂದ ಕಾಣೆಯಾದರೆ, ಪೊಲೀಸರ ಹತ್ತಿರ ಹೋಗಿ ಬಂದವರೂ ಹೋಗಲು ಹೆದರಿದವರೂ ಕಡೆಗೆ ಹುಡುಕಿಕೊಂಡು ಬರುವುದು ನನ್ನ ಅಂಗಡಿಯ ಬೆಂಚನ್ನು. ಅವರ ಮೂಲ ಕಸುಬು ದನದ ದಲ್ಲಾಳಿತನ. ಹೇಮಗಿರಿ ಜಾತ್ರೆಯ ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವ ಪದ್ಧತಿಯಿರಲಿಲ್ಲ. ದಲ್ಲಾಳಿಯು ಹೆಗಲ ಮೇಲಿನ ವಲ್ಲಿಯನ್ನು ಕೈಗೆ ಮುಚ್ಚಿಕೊಂಡು, ಅದರ ಕೆಳಗೆ ಒಮ್ಮೆ ಮಾರುವವನ, ಒಮ್ಮೆ ಕೊಳ್ಳುವವನ ಬೆರಳು ಒತ್ತಿ ಬೆಲೆ ಕುದುರಿಸುತ್ತಿದ್ದ. ಸುತ್ತ ನಿಂತವರಿಗೆ ಕಾಣುತ್ತಿದ್ದದ್ದು ಬಟ್ಟೆಯ ಅಲುಗಾಟ ಮಾತ್ರ. ಆಯಸ್ಸಿನ ಮುಕ್ಕಾಲು ಪಾಲು ಹೀಗೆ ಪರರ ಬೆರಳು ಹಿಡಿದೇ ಕಳೆದ ಲಿಂಗಣ್ಣನವರು, ಬಾಯಿ ದೇವರ ಮೇಲೆ ಆಣೆಯಿಟ್ಟು ಸುಳ್ಳಾಡುವಾಗಲೂ ಬೆರಳು ನಿಜವನ್ನೇ ಆಡುತ್ತದೆಂಬ ಸಿದ್ಧಾಂತಕ್ಕೆ ಬಂದಿದ್ದರು. ಟ್ರಾಕ್ಟರು ಬಂದು ಎತ್ತುಗಳು ಕಡಿಮೆಯಾದವು, ದಲ್ಲಾಳಿತನ ಬಿದ್ದುಹೋಯಿತು, ಸಿದ್ಧಾಂತ ಉಳಿಯಿತು. ಕಳವಾದ ಮನೆಗೆ ಹೋಗಿ, ಶಂಕಿತರನ್ನು ಸಾಲಾಗಿ ಕೂರಿಸಿ, ವಲ್ಲಿ ಮುಚ್ಚಿ ಒಬ್ಬೊಬ್ಬರ ಕೈ ಹಿಡಿಯುವುದು. ಕಣ್ಣು ಮುಚ್ಚಿ, ಬೆರಳುಗಳ ಬಿಗಿತ ಸಡಿಲ ಕಂಪನಗಳನ್ನು ಓದುವುದು. ಇದೇ ಅವರ ಪತ್ತೇದಾರಿಕೆ. ಆಶ್ಚರ್ಯವೆಂದರೆ ಬಹಳ ಸಲ ಅದು ಫಲಿಸುತ್ತಿತ್ತು. ಲಿಂಗಣ್ಣ ಬರುತ್ತಾರೆ ಅಂದ ಕೂಡಲೇ ಕದ್ದ ಮಾಲನ್ನು ತಂದು ಹಿತ್ತಿಲಲ್ಲಿ ಎಸೆದುಹೋದವರೂ ಉಂಟು. ಅಂಥ ದಿನ ಅವರಿಗೆ ಅನ್ನ ಸೇರುತ್ತಿರಲಿಲ್ಲ. "ನಾನ್ ಬರೋವರ್ಗೂ ತಡ್ಕಳಾಕಾಗಲ್ವಾ ಆ ನನ್ಮಗನ್ಗೆ? ಕದಿಯಾಕೊಂದು ನೀತಿ ಬ್ಯಾಡ್ವಾ?" ಎಂದು ಕಳ್ಳನ ಮೇಲೆ ಹರಿಹಾಯುತ್ತಿದ್ದರು.

ಅವರ ನಡಿಗೆ, ಕೊಳ್ಳುವವರ ಮುಂದೆ ಓಡಾಡಿಸುವ ಹಳ್ಳಿಕಾರ್ ಹೋರಿಯದು: ಕತ್ತು ಹಿಂದಕ್ಕೆ, ಎದೆ ಮುಂದಕ್ಕೆ, ಹೆಜ್ಜೆ ನಿಧಾನ, ಯಾರಾದರೂ ಹಲ್ಲು ನೋಡಲು ಬಂದರೆ ತೋರಿಸಲು ಸಿದ್ಧವೆಂಬಂತೆ. ಕಂದು ಉಣ್ಣೆಯ ಕೋಟನ್ನು ಶ್ರೀರಂಗಪಟ್ಟಣದ ಗಂಜಾಮಿನ ಟೈಲರೊಬ್ಬನ ಕೈಲಿ ಹೊಲಿಸಿದ್ದರು. ಬಲತೋಳನ್ನು ಮಾತ್ರ, ಕೈ ಸರಾಗವಾಗಿ ಹೊರಬರಲೆಂದು, ಅಗಲಕ್ಕೆ ಬಿಡಿಸಿದ್ದರು. ಬೇಸಿಗೆಯ ನಡುಹಗಲಲ್ಲೂ ಅದು ಮೈಮೇಲೆಯೇ. "ಸೆಕೆಯಾಗಲ್ವಾ ಲಿಂಗಣ್ಣೋರೆ?" ಎಂದು ಕೇಳಿದರೆ, "ಬೆವರೋದು ನಾನು ಕಣ್ಲಾ, ಜನ ನೋಡಾದು ಕೋಟ್ನ" ಎನ್ನುವರು. ಮಾತಿನ ಕೊನೆಗೆ "ಬರ್ಕೊ" ಎಂದು ಸೇರಿಸುವುದು ಇನ್ನೊಂದು ಅಭ್ಯಾಸ. ಸಂಜೆಗೆ ಮಳೆ ಬತ್ತದೆ, ಬರ್ಕೊ. ಈ ಹಿಂಡೀಲಿ ಕಲಬೆರಕೆ ಅದೆ, ಬರ್ಕೊ. ಎದುರಿಗಿದ್ದವನ ಕೈಯಲ್ಲಿ ಪೆನ್ನಿಲ್ಲ ಕಾಗದವಿಲ್ಲ, ಎಷ್ಟೋ ಸಲ ಅಕ್ಷರವೂ ಇಲ್ಲ. ತಮ್ಮ ನುಡಿ ಗಾಳಿಗೆ ಹೋಗಬಾರದೆಂಬ ಕಾಳಜಿ ಅವರದು.

ನಾನು ಅಂಗಡಿಗೆ ಸಿಸಿ ಕ್ಯಾಮೆರಾ ಹಾಕಿಸಿದಾಗ ಸವತಿ ಮನೆಗೆ ಬಂದಂತೆ ಮುನಿಸಿಕೊಂಡರು. "ಅದು ಬರೀ ಕಣ್ಣು ಕಣ್ಲಾ ಸಾವ್ಕಾರ. ಕಣ್ಣಿಗೆ ಏನ್ ತಿಳೀತದೆ? ಕಣ್ಣು ಕುಲ್ಡನ್ಗೂ ಇರ್ತದೆ" ಎಂದು ಬೆಂಚು ಬಿಟ್ಟು ಎದ್ದುಹೋದವರು, ಕೆಲವು ದಿನದ ಮೇಲೆ ತಾವಾಗಿಯೇ ಬಂದರು. ಆ ಸಂಜೆ ಕ್ಯಾಮೆರಾದ ಚಿತ್ರಗಳನ್ನು ಹಿಂದಕ್ಕೆ ಓಡಿಸಿ ನೋಡುತ್ತೇನೆ, ಅಂಗಡಿಯಲ್ಲಿ ನಾನಿಲ್ಲದ ಹೊತ್ತಿನಲ್ಲಿ ಲಿಂಗಣ್ಣನವರು ಆ ಬರಿಗಣ್ಣಿನ ನೇರ ಕೆಳಗೆ ನಿಂತು, ಮೀಸೆ ಬಾಚಿ, ಮುಖದ ಬಲಭಾಗವನ್ನು ಬಗೆಬಗೆಯಾಗಿ ತೋರಿಸುತ್ತಿದ್ದಾರೆ.

ಜನ ಸೇರದೆ ಕಳ್ಳನ ಹೆಸರು ಹೇಳಬಾರದೆಂಬುದು ಅವರ ವ್ರತ. ಪಾಂಡವಪುರದಲ್ಲಿ ಕಬ್ಬಿನ ಗದ್ದೆಯೊಂದರ ಮೋಟಾರು ಕದ್ದವನು ಯಾರೆಂದು ಬೆಳಿಗ್ಗೆಯೇ ಗೊತ್ತಾಗಿದ್ದರೂ, ಸಂತೆ ಕೂಡಲಿ ಎಂದು ಮಧ್ಯಾಹ್ನದವರೆಗೆ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಆ ಕಳ್ಳ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿದ್ದ. ರೈಲು ಹೊರಡುವುದು ತಡವಾದ್ದರಿಂದ ಸಿಕ್ಕಿಬಿದ್ದ, ಇಲ್ಲದಿದ್ದರೆ ಇಲ್ಲ. "ನೋಡ್ದಾ, ರೈಲ್ನೂ ನಿಲ್ಸಿದ್ದೆ" ಎಂದರು ಲಿಂಗಣ್ಣನವರು.

ಇಂಥ ಮನುಷ್ಯನನ್ನು ನಾನೇ ನನ್ನ ಬೀಗರ ಮನೆಗೆ ಕರೆದುಕೊಂಡು ಹೋದೆ.

ಮಗಳು ಅನುವನ್ನು ನಾಗಮಂಗಲ ತಾಲೂಕಿನ ದೇವಲಾಪುರಕ್ಕೆ ಕೊಟ್ಟಿದ್ದೆ. ಅಳಿಯ ದಿಲೀಪ್ ಹೊಲ ನೋಡಿಕೊಂಡು ಹಸು ಸಾಕಿಕೊಂಡಿರುವ ಹುಡುಗ, ಮಾತು ಕಡಿಮೆ. ಮದುವೆ ಮುಗಿದು, ಅವರ ಮನೆಯಲ್ಲಿ ಬೀಗರ ಊಟವೂ ಆಯಿತು. ಮಾಂಸದ ಘಮ ಊರಾಚೆಗೂ ಹೋಗುವಂತೆ ಬಡಿಸಿದರು. ಮೂರು ದಿನ ಬಿಟ್ಟು ಬೀಗಿತ್ತಿ ಮಾಯಮ್ಮನವರು ಬೀರು ತೆಗೆದರೆ, ಅತ್ತೆಯ ಕಾಲದಿಂದ ಬಂದ ಚಿನ್ನದ ಅವಲಕ್ಕಿ ಸರ ಇಲ್ಲ. ಬೀರು ಇದ್ದದ್ದು ಹೊಸ ಸೊಸೆಗೆ ಬಿಟ್ಟುಕೊಟ್ಟ ಕೋಣೆಯಲ್ಲಿ. ಅನು ಫೋನು ಮಾಡಿದಾಗ ಅವಳ ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು.

"ಯಾರಾದ್ರೂ ಏನಾದ್ರೂ ಅಂದ್ರಾ ಮಗ?"

"ಯಾರೂ ಏನೂ ಅಂತಿಲ್ಲ ಅಪ್ಪ. ಅದೇ ಕಷ್ಟ."

ನನ್ನ ಮಾಲಿನ ಮೇಲೆ ನನಗೆ ನಂಬಿಕೆಯಿತ್ತು. ತಕ್ಕಡಿಗೆ ಹೆದರುವವನು ಕಳ್ಳ ವ್ಯಾಪಾರಿ, ನಾನೇಕೆ ಹೆದರಲಿ? ಲಿಂಗಣ್ಣನವರಿಗೆ ವಿಷಯ ಹೇಳಿದೆ. ಅವರು ಅನುವನ್ನು ಮಗುವಾದಾಗಿನಿಂದ ಬಲ್ಲವರು, ಹಿಂಡಿ ಚೀಲದ ಮೇಲೆ ಕೂರಿಸಿ ಆಡಿಸಿದವರು. ಆದರೂ ಕೋಟಿನ ಗುಂಡಿ ಹಾಕುತ್ತಾ ಹೇಳಿದರು: "ಬತ್ತೀನಿ. ಆದ್ರೆ ನಿನ್ ಮಗಳು ಅಂತ ತಕ್ಕಡಿ ಬಗ್ಸಾಕಿಲ್ಲ. ಲಿಂಗಣ್ಣ ಸ್ನೇಯಿತನ್ ಮಗಳನ್ನ ಬುಟ್ಬುಟ್ಟ ಅಂತ ನಾಳೆ ಯಾರೂ ಅನ್ಬಾರ್ದು, ಬರ್ಕೊ."

ದೇವಲಾಪುರದ ಆ ಪಡಸಾಲೆಯಲ್ಲಿ ಮನೆಯವರನ್ನೂ ಉಳಿದಿದ್ದ ನೆಂಟರನ್ನೂ ಕೂರಿಸಿದರು. ದಿಲೀಪನ ಕೈ, ಅವನ ಚಿಕ್ಕಪ್ಪ ದಾಸಯ್ಯನವರ ಕೈ, ಮಾಯಮ್ಮನವರದು, ಪಾಂಡವಪುರಕ್ಕೆ ಕೊಟ್ಟಿದ್ದ ಅವರ ಮಗಳು ಪ್ರಮೀಳಾಳದು, ಮಾಯಮ್ಮನವರ ಓರಗಿತ್ತಿಯದು. ವಲ್ಲಿ ಒಬ್ಬರಿಂದ ಒಬ್ಬರಿಗೆ ಸರಿಯಿತು. ಅನುವಿನ ಹತ್ತಿರ ಬಂದು ನಿಂತುಬಿಟ್ಟಿತು. ಕಣ್ಣು ಮುಚ್ಚಿದ ಲಿಂಗಣ್ಣನವರ ಹುಬ್ಬು ಮೇಲೇರಿತು, ಇಳಿಯಿತು, ಮತ್ತೆ ಏರಿತು. ನನ್ನ ಮಗಳ ಮುಖ ಬಿಳಿಚಿಕೊಂಡಿತು.

"ಈ ಕೈ ನಡುಗ್ತಾ ಅದೆ" ಎಂದರು. "ಬೆರಳು ಯೋಳಾದ್ನ ಯೋಳ್ತು. ಮಿಕ್ಕಿದ್ದು ನಿಮ್ದು."

ಅನು ಅಳಲಿಲ್ಲ. ಗಂಡನ ಕಡೆ ನೋಡಿದಳು. ದಿಲೀಪ್ ನೆಲ ನೋಡುತ್ತಿದ್ದ. ಆ ಒಂದು ನೋಟಕ್ಕೆ ಉತ್ತರ ಸಿಕ್ಕಿದ್ದರೆ ಅವಳು ಅಲ್ಲೇ ಉಳಿಯುತ್ತಿದ್ದಳೇನೋ, ಸಿಗಲಿಲ್ಲ. ಬ್ಯಾಗು ತಂದು ನನ್ನ ಕಾರಿನಲ್ಲಿ ಕೂತಳು. ಲಿಂಗಣ್ಣನವರನ್ನು ಬಸ್ಸಿಗೆ ಬಿಟ್ಟು ನಾವು ಬಂದೆವು.

ಮಾರನೆಯ ದಿನ ಅವರು ಏನೂ ಆಗದವರಂತೆ ಅಂಗಡಿಗೆ ಬಂದರು. "ಬೆಂಚು ಖಾಲಿ ಇಲ್ಲ" ಎಂದೆ. ಖಾಲಿಯೇ ಇದ್ದ ಬೆಂಚನ್ನು ನೋಡಿದರು, ನನ್ನನ್ನು ನೋಡಿದರು, ಬೀದಿಯಾಚೆಯ ಸೈಕಲ್ ಅಂಗಡಿಯ ಜಗಲಿಗೆ ಹೋಗಿ ಕೂತರು. ಆ ದಿನ ಮುಖದ ಯಾವ ಭಾಗ ಬೀದಿಗೆ ಕಾಣುತ್ತಿದೆ ಎಂಬುದನ್ನು ಅವರು ಗಮನಿಸಿದಂತೆ ತೋರಲಿಲ್ಲ.

ಮುಂದಿನದು ನನಗೆ ಬಹಳ ತಡವಾಗಿ, ಗುಟ್ಟು ಹೊರಬಿದ್ದ ಮೇಲೆ, ಲಕ್ಷ್ಮಿದೇವಮ್ಮನವರಿಂದ ತಿಳಿದದ್ದು. ಲೋಕವೆಲ್ಲ ಲಿಂಗಣ್ಣನವರನ್ನು ನೋಡಿ ಬೆರಗಾಗುವಾಗ, ಬೆರಗಾಗದೆ ಅಡುಗೆ ಮಾಡಿ ಬಡಿಸಿಕೊಂಡು ಬಂದ ಏಕಮಾತ್ರ ವ್ಯಕ್ತಿ ಅವರ ಹೆಂಡತಿ. ಅಂದು ಮುದ್ದೆ ಇಕ್ಕಿ, ಎದುರಿಗೆ ಕೂತು ಕೇಳಿದರಂತೆ.

"ಯಾರ್ ಯಾರ್ ಕೈ ಇಡುದ್ರಿ?"

"ಎಲ್ರುದೂವೆ."

"ಎಂಗಸ್ರುದೂವಾ?"

"ಊಂ. ಯಾಕೆ?"

"ಅಲ್ಲಾ ಕಣ್ರೀ, ಆ ದನದ್ ಯಾಪಾರ್ದಾಗೆ ಯಾವ ಎಂಗ್ಸು ನಿಮ್ ವಲ್ಲಿ ಕೆಳೀಕೆ ಕೈ ಕೊಟ್ಟಿದ್ಲು? ಗಂಡಸ್ರ ಕೈ ನಿಮ್ಗೆ ಗೊತ್ತು, ಒಪ್ಕತೀನಿ. ಎಂಗಸ್ರ ಕೈ ಏನ್ ಗೊತ್ತು? ಆಗಿನ್ನೂ ಗಂಡನ್ ಮನೇಲಿ ಕಾಲಿಕ್ಕಿರೋ ಮಗ. ಅತ್ತೆ, ಚಿಕ್ಕಮಾವ ಎಲ್ಲಾ ಬಾಯ್ ಬುಟ್ಕೊಂಡ್ ನೋಡ್ತಾವ್ರೆ. ಪರಗಂಡ್ಸು ಬಟ್ಟೆ ಮುಚ್ಚಿ ಬೆರಳು ಇಡ್ಕತಾನೆ. ನಡುಗ್ದೆ ಇನ್ನೇನ್ ಕುಣೀತದಾ? ನೀವ್ ತಾಳಿ ಕಟ್ದಾಗ ನನ್ ಕೈಯೂ ನಡುಗ್ತಿತ್ತು. ನಾನೇನ್ ಕದ್ದಿದ್ದೆ?"

ಲಿಂಗಣ್ಣನವರು ಮುದ್ದೆ ಅರ್ಧಕ್ಕೆ ಬಿಟ್ಟು ಕೈ ತೊಳೆದರು. ಆಮೇಲೆ ಕೆಲವು ದಿನ ಹೊರಗೇ ಬರಲಿಲ್ಲ. ಜ್ವರವಂತೆ ಎಂದರು ಬೀದಿಯವರು. ಜ್ವರವಲ್ಲ, ಗೋಡೆಗೊರಗಿ ಕೂತು, ಆ ದಿನ ಹಿಡಿದಿದ್ದ ಒಂದೊಂದು ಕೈಯನ್ನೂ ಮತ್ತೆ ನೆನಪಿನಲ್ಲಿ ಹಿಡಿದು ನೋಡುತ್ತಿದ್ದರು. ಮಾಯಮ್ಮನವರ ಕೈ ಮುಟ್ಟಿದ ಕೂಡಲೇ ಹಿಂದಕ್ಕೆ ಸರಿದಿತ್ತು, ವಯಸ್ಸಾದ ಹೆಂಗಸಿಗೂ ನಾಚಿಕೆ. ಓರಗಿತ್ತಿಯ ಬೆರಳು ಬೆವೆತು ಅದುರಿತ್ತು. ಅನುವಿನದಂತೂ ಸರಿಯೇ. ಒಂದೇ ಒಂದು ಹೆಣ್ಣಿನ ಕೈ ಮಾತ್ರ, ಮುಟ್ಟಿದ್ದೇ ತಿಳಿಯದಂತೆ, ಹೊಳೆಯ ಕಲ್ಲಿನ ಹಾಗೆ ತಣ್ಣಗೆ ಸುಮ್ಮನಿತ್ತು. ಪ್ರಮೀಳಾಳದು. ದೊಡ್ಡ ಭಯವೊಂದನ್ನು ಹೊತ್ತು ಕೂತವಳಿಗೆ ಈ ಸಣ್ಣ ನಾಚಿಕೆ ತಟ್ಟಿಯೇ ಇರಲಿಲ್ಲ.

ಅವರ ಜೀವಮಾನದ ಪತ್ತೆಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲವೆಂದು, ಮಾಲಿನ ದರ್ಜೆ ಬಲ್ಲ ನಾನು ಹೇಳಬಲ್ಲೆ. ನಡುಗಿದ ಕೈಯಿಂದ ಕಳ್ಳನನ್ನು ಹಿಡಿಯುವುದು ಯಾರಿಗೂ ಆದೀತು. ನಡುಗದ ಕೈಯಿಂದ ಹಿಡಿಯಲು ಲಿಂಗಣ್ಣನವರೇ ಬೇಕು.

ಪತ್ತೆಯೇನೋ ಆಯಿತು. ಕೇಳಲು ಹೋದವರು ಅವರಲ್ಲ. ಜೀವನದಲ್ಲಿ ಮೊದಲ ಸಲ ತಮ್ಮ ಕೆಲಸಕ್ಕೆ ಹೆಂಡತಿಯನ್ನು ಕಳಿಸಿದರು. ಲಕ್ಷ್ಮಿದೇವಮ್ಮನವರು ಬಸ್ಸು ಹತ್ತಿ ಪಾಂಡವಪುರಕ್ಕೆ ಹೋಗಿ, ಪ್ರಮೀಳಾಳ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತರು. ಕಾಯಿ ಮುಗಿಯುವ ಮೊದಲೇ ಹುಡುಗಿ ಅತ್ತಳು. ಬೀಗರ ಊಟದ ದಿನ, ಒಂದು ಫೋಟೋ ತೆಗೆಸಿಕೊಳ್ಳುವ ಆಸೆಗೆ ಅವ್ವನ ಸರವನ್ನು ಕೇಳದೆ ಒಂದು ಗಳಿಗೆ ಹಾಕಿಕೊಂಡಿದ್ದಳು. ಬಿಚ್ಚುವಾಗ ಕೊಂಡಿಯ ಹತ್ತಿರ ಕಿತ್ತುಹೋಯಿತು. ಅವ್ವನಿಗೆ ತಿಳಿಯುವ ಮೊದಲು ಸರಿಮಾಡಿಸಿ ಇಟ್ಟುಬಿಡೋಣವೆಂದು ನಾಗಮಂಗಲದ ಅಕ್ಕಸಾಲಿಯ ಕೈಗೆ ಕೊಟ್ಟಳು. ಅವನು ಇವತ್ತು ನಾಳೆ ಅಂದ. ಅಷ್ಟರಲ್ಲಿ ಮನೆಯಲ್ಲಿ ಗುಲ್ಲು. ಆಮೇಲೆ ಬಾಯಿ ಬಿಟ್ಟರೆ ತಾನೇ ಕದ್ದವಳಾಗುತ್ತಾಳೆ. ಅವಳ ಗಂಡನ ಮನೆಯವರು ಇಂಥದ್ದಕ್ಕೆ ಬಾಯಿ ಬಡಿದುಕೊಳ್ಳುವ ಜನ.

ಸರ ತಂದು, ಪ್ರಮೀಳಾಳನ್ನು ಅವಳ ಅವ್ವನ ಮುಂದೆ ನಿಲ್ಲಿಸಿ, ತಾಯಿಮಗಳು ಒಳಗೊಳಗೇ ಬಗೆಹರಿಸಿಕೊಳ್ಳುವಂತೆ ಮಾಡಿದವರೂ ಲಕ್ಷ್ಮಿದೇವಮ್ಮನವರೇ. ಮನೆಗೆ ಬಂದು ಗಂಡನಿಗೆ ಆಜ್ಞೆಯಿತ್ತರು: "ಆ ಉಡುಗಿ ಎಸ್ರು ನಿಮ್ ಬಾಯಿಂದ ಈಚ್ಗೆ ಬಂದ್ರೆ, ನಮ್ಮನೆ ಮುದ್ದೆ ನಿಮ್ ಬಾಯೊಳೀಕೆ ಓಗಾಕಿಲ್ಲ."

ಲಿಂಗಣ್ಣನವರ ಸಂಕಟವನ್ನು ಊಹಿಸಿಕೊಳ್ಳಿ. ಸುಮ್ಮನಿದ್ದುಬಿಟ್ಟಿದ್ದರೆ ಆಗುತ್ತಿತ್ತು. ಸರ ಸಿಕ್ಕಿತೆಂದು ಮಾಯಮ್ಮನವರು ನನಗೊಂದು ಫೋನು ಮಾಡುತ್ತಿದ್ದರು, ಹೊಸ ಸೊಸೆಯೇ ಹೆದರಿ ವಾಪಸು ಇಟ್ಟಳೆಂದು ಊರು ತನ್ನಷ್ಟಕ್ಕೆ ತಾನು ಪಿಸುಗುಡುತ್ತಿತ್ತು, ಲಿಂಗಣ್ಣನವರ ಬೆರಳು ಮತ್ತೊಮ್ಮೆ ಗೆದ್ದಿತೆಂಬ ಕೀರ್ತಿ ತಾನಾಗಿ ಮನೆಬಾಗಿಲಿಗೆ ಬರುತ್ತಿತ್ತು. ನನ್ನ ಮಗಳು ಮಾತ್ರ ಬದುಕಿರುವವರೆಗೂ ಆ ಮನೆಯ ಕಳ್ಳಿ.

ಅವರು ನನ್ನ ಅಂಗಡಿಗೆ ಬಂದು, ಕೂರದೆ, ನಿಂತೇ ಹೇಳಿದರು: "ಸಾವ್ಕಾರ, ಕಾರ್ ತಗಿ. ಮಗೀನೂ ಕರ್ಕೊ. ದೇವ್ಲಾಪುರಕ್ಕೆ ಓಗವ."

"ಯಾಕೆ, ಇನ್ನೊಂದ್ ಸಲ ಬೆರಳು ಹಿಡಿಯೋಕಾ?"

"ಜನದ್ ಮುಂದೆ ಚೆಲ್ಲಿದ್ನ ಜನದ್ ಮುಂದೇನೇ ಬಳೀಬೇಕು ಕಣ್ಲಾ. ಮುಚ್ಕೊಂಡ್ ಬಾ."

ನಾನೂ ಅನುವೂ, ಲಿಂಗಣ್ಣನವರೂ ಲಕ್ಷ್ಮಿದೇವಮ್ಮನವರೂ ಹೋದೆವು. ಅಲ್ಲಿಯೂ ವ್ರತಭಂಗವಾಗಲಿಲ್ಲ. ಅಂದು ಇದ್ದವರೆಲ್ಲ ಬರುವವರೆಗೆ ಬಾಯಿ ತೆರೆಯುವುದಿಲ್ಲವೆಂದು ಹಟ ಹಿಡಿದು, ಹೊಲಕ್ಕೆ ಹೋಗಿದ್ದ ದಾಸಯ್ಯನವರನ್ನು ಕರೆಸಿದರು, ಕೋಟಿನ ಧೂಳು ಕೊಡವಿದರು, ಮೀಸೆ ಬಾಚಿದರು. ಮಾಯಮ್ಮನವರು ಸರ ಹಾಕಿಕೊಂಡೇ ಹೊರಗೆ ಬಂದು, "ಸಿಕ್ತು ಬುಡಿ, ನಮ್ಮ ತಾವೇ ಇತ್ತು" ಎಂದರು. ಓರಗಿತ್ತಿ ಬಿಡುವ ಪೈಕಿಯಲ್ಲ.

"ಯಾರ್ ತಾವಿತ್ತಕ್ಕ? ಯೋಳ್ಬುಡು ಮತ್ತೆ, ಎಲ್ಲಾರೂ ಅವ್ರೆ."

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಪ್ರಮೀಳಾಳ ಕೈ ಆಗ ನಡುಗಿತು. ಲಿಂಗಣ್ಣನವರು ಅದನ್ನು ನೋಡಿದರು. ತಮ್ಮ ಬಾಳಿನ ಶ್ರೇಷ್ಠ ಪತ್ತೆಯನ್ನು ಹೇಳಿ ಮುಗಿಸಲು ಅವರಿಗೆ ಬೇಕಿದ್ದದ್ದು ಒಂದು ಹೆಸರು. ಸಭೆ ಸೇರಿತ್ತು, ಬಾಯಿ ತೆರೆದಿತ್ತು. ಲಕ್ಷ್ಮಿದೇವಮ್ಮನವರು ಸೆರಗಿನ ತುದಿಯನ್ನು ಹಿಂಡುತ್ತಿದ್ದರು.

"ಯಾರ್ ತಾವಿತ್ತೋ ಬುಡವ್ವ, ಅದು ದೊಡ್ಡುದಲ್ಲ" ಎಂದು ಲಿಂಗಣ್ಣನವರು ದನಿಯೆತ್ತಿದರು. "ಆದ್ರೆ ಈ ಮನೇಲಿ ಒಬ್ಬ ಕಳ್ಳ ಅವ್ನೆ. ನಾನ್ ಇಡ್ದಿವ್ನಿ."

ಅವರು ಬೇಕೆಂದೇ ತಡೆದರು. ಆ ತಡೆಯುವಿಕೆಯನ್ನು ಸವಿದರೂ ಕೂಡ.

"ಏನೂ ಅರೀದಿರೋ ಈ ಮಗೀನ್ ಮಾನಾನ ಅಗಲೊತ್ನಲ್ಲೇ, ನಿಮ್ಮೆಲ್ಲಾರ್ ಮುಂದೇನೇ ಒತ್ಕೊಂಡೋದ. ಕೆ.ಆರ್. ಪ್ಯಾಟೆ ಲಿಂಗಣ್ಣ ಅಂತ ಅವನೆಸ್ರು. ಬರ್ಕೊಳಿ." ಆಮೇಲೆ ಅನುವಿನ ಮುಂದೆ ಬಂದು ಕೈಮುಗಿದರು. "ತಪ್ಪಾಯ್ತು ಕಣವ್ವ. ನಿನ್ ಬೆರಳು ಸುಳ್ಳೇಳ್ನಿಲ್ಲ. ಓದಾದು ನನ್ಗೆ ಬರ್ನಿಲ್ಲ."

ಅಷ್ಟಕ್ಕೇ ನಿಲ್ಲಿಸಿದ್ದರೆ ಅವರು ಸಂತರಾಗುತ್ತಿದ್ದರು. ನಿಲ್ಲಿಸಲಿಲ್ಲ.

"ಆದ್ರೆ ಒಂದ್ ತಿಳ್ಕಳಿ. ಲಿಂಗಣ್ಣನ್ ತಪ್ಪ ಕಂಡಿಡ್ಯಾಕೂ ಲಿಂಗಣ್ಣನೇ ಬೇಕಾಯ್ತು. ಬ್ಯಾರೆ ಯಾರ್ ಕೈಲೂ ಆಗ್ನಿಲ್ಲ!"

"ಅವ್ದು, ಯಾರ್ ಕೈಲೂ ಆಗ್ನಿಲ್ಲ!" ಎಂದರು ಲಕ್ಷ್ಮಿದೇವಮ್ಮನವರು, ಮೂಗಿನ ಮೇಲೆ ಬೆರಳಿಟ್ಟು. ಮೊದಲು ನಕ್ಕವಳು ಅನು. ಅವಳ ಹಿಂದೆ ಮನೆಯೇ ನಕ್ಕಿತು. ನಗು ಮುಗಿಸಿ ಅವಳು ಗಂಡನ ಕಡೆ ತಿರುಗಿದಳು.

"ಅವತ್ತು ನೆಲ ನೋಡ್ತಿದ್ರಲ್ಲ, ಏನಿತ್ತು ಅಲ್ಲಿ?"

ದಿಲೀಪನ ಕಿವಿ ಕೆಂಪಾಯಿತು. "ಏನೂ ಇರ್ನಿಲ್ಲ" ಎಂದ. ಕಾರಿನ ಬಳಿ ಹೋಗಿ ಅವಳ ಬ್ಯಾಗನ್ನು ತಾನೇ ಇಳಿಸಿ, ಎಲ್ಲರೂ ನೋಡುತ್ತಿರುವಂತೆ ಒಳಗೆ ತೆಗೆದುಕೊಂಡು ಹೋದ.

ವಾಪಸು ಬರುವಾಗ ಲಿಂಗಣ್ಣನವರು ನನ್ನ ಪಕ್ಕದಲ್ಲಿ ಕೂತು ಕುದಿಯುತ್ತಿದ್ದರು. ಸರ ಯಾರ ಬಳಿಯಿತ್ತೆಂದು ನಾನು ಒಮ್ಮೆ ಕೇಳಿದ್ದರೆ ಸಾಕಿತ್ತು. ನಾಗಮಂಗಲ ದಾಟುವಾಗ "ಏನೂ ಕೇಳಲ್ವೇನ್ಲಾ?" ಎಂದರು. "ಕೇಳೋಕೇನದೆ?" ಎಂದು ಗೇರು ಬದಲಿಸಿದೆ. ಹಿಂದಿನ ಸೀಟಿನಿಂದ ಲಕ್ಷ್ಮಿದೇವಮ್ಮನವರು ಕೆಮ್ಮಿದರು. ವ್ಯಾಪಾರಿಯ ಬುದ್ಧಿ ಕೆಟ್ಟದ್ದು. ಮಾರುವ ಆತುರದಲ್ಲಿರುವವನ ಮುಂದೆ ಕೊಳ್ಳುವ ಆಸೆ ತೋರಿಸಬಾರದೆಂದು ಅದಕ್ಕೆ ಗೊತ್ತು. ಊರು ಬರುವವರೆಗೂ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಎಷ್ಟೋ ಕಾಲದ ಮೇಲೆ, ಅನುವಿನ ಮಗುವಿನ ನಾಮಕರಣದಲ್ಲಿ, ನಾದಿನಿ ಅತ್ತಿಗೆಯರು ಒಬ್ಬರನ್ನೊಬ್ಬರು ಗೇಲಿ ಮಾಡಿಕೊಳ್ಳುತ್ತಾ ಎಲ್ಲರ ಮುಂದೆ ನಡೆದದ್ದನ್ನು ಹೇಳಿಬಿಟ್ಟರು. ಇದನ್ನೆಲ್ಲ ಬರೆಯಿರಿ ಮಾವ ಎಂದು ನನಗೆ ಹೇಳಿದವಳೂ ಪ್ರಮೀಳಾಳೇ. ಲಿಂಗಣ್ಣನವರ ಬಾಯಿಂದ ಆ ಹೆಸರನ್ನು ನಾನು ಇಂದಿಗೂ ಕೇಳಿಲ್ಲ.

ಜಂಬವನ್ನು ದುರ್ಗುಣಗಳ ಸಾಲಿಗೆ ಸೇರಿಸುವುದು ಲೋಕರೂಢಿ. ಪತ್ತೇದಾರನ ವಿಷಯದಲ್ಲಿ ನನಗೆ ಆ ರೂಢಿ ಒಪ್ಪಿಗೆಯಿಲ್ಲ. ಪರರ ಮನೆಯ ಸತ್ಯಕ್ಕಾಗಿ ಬಿಸಿಲಲ್ಲಿ ಅಲೆಯುವುದಕ್ಕೆ, ತಾನು ಇತರರಿಗಿಂತ ಒಂದು ಕೈ ಮೇಲೆಂಬ ಭ್ರಮೆ ಮನುಷ್ಯನಿಗೆ ಬೇಕೇ ಬೇಕು. ಆ ಭ್ರಮೆಯಿಲ್ಲದವನು ಬಾಗಿಲು ಹಾಕಿಕೊಂಡು ತನ್ನ ಕೆಲಸ ನೋಡಿಕೊಳ್ಳುತ್ತಾನೆ. ನನ್ನಂಥ ವಿನಯವಂತರು ತಪ್ಪು ಮಾಡಿದರೆ, ಮನುಷ್ಯ ತಾನೇ, ತಪ್ಪುವುದು ಸಹಜ ಎಂದು ಬೇಗ ಸಮಾಧಾನ ಮಾಡಿಕೊಳ್ಳುತ್ತೇವೆ. ಜಂಬದ ಮನುಷ್ಯನಿಗೆ ಆ ಸೌಲಭ್ಯವಿಲ್ಲ. ತನ್ನ ಹೆಸರಿನಲ್ಲಿ ಒಂದು ಸುಳ್ಳು ಊರಲ್ಲಿ ಓಡಾಡಿಕೊಂಡಿರುವುದನ್ನು ಅವನು ಸಹಿಸಲಾರ. ಎದೆಯೊಳಗೆ ಮುಳ್ಳಿಟ್ಟುಕೊಂಡು ಮಲಗಲಾರ. ಅಂಥವರ ಅಹಂಕಾರದಿಂದ ಕೆಲವು ಮನೆಗಳಲ್ಲಿ ಕಣ್ಣೀರು ಬಿದ್ದಿದೆ, ನಿಜ. ಆದರೆ ಹಿಂತಿರುಗಿ ಬಂದು ಅದನ್ನು ಒರೆಸುವ ಶಕ್ತಿಯನ್ನೂ ಅವರು ಆ ಅಹಂಕಾರದಿಂದಲೇ ಪಡೆಯುತ್ತಾರೆ, ಒರೆಸುತ್ತಲೇ ಸುತ್ತ ಯಾರು ಯಾರು ನೋಡುತ್ತಿದ್ದಾರೆಂದು ಒಮ್ಮೆ ಕಣ್ಣಾಡಿಸುತ್ತಾರೆ ಕೂಡ.

ನನ್ನ ಮಗಳು ಇಂದು ತನ್ನ ಮನೆಯಲ್ಲಿ ತಲೆಯೆತ್ತಿ ಬಾಳುತ್ತಿದ್ದಾಳೆ. ಅದಕ್ಕೆ ನಾನು ಲಿಂಗಣ್ಣನವರಿಗೆ ಋಣಿ.